ಪ್ರಶ್ನೆ ಕೇಳುವವಳ ಪರವಾಗಿ

ಮದುವೆಮನೆಯಲ್ಲಿ ಊಟಕ್ಕೆ ಕರೆ ಎಲ್ಲರಿಗೂ ಇರುತ್ತದೆ. ಆದರೂ ಎಲೆ ಹಾಕಿದ ಮೇಲೆ ಯಾರಾದರೂ ಹತ್ತಿರ ಬಂದು ‘ಏಳಿ, ಪಂಕ್ತಿಗೆ ಬನ್ನಿ’ ಎನ್ನದಿದ್ದರೆ ಪರವೂರಿನ ನೆಂಟರು ಕೂತಲ್ಲಿಂದ ಏಳುವುದಿಲ್ಲ. ಬಾಗಿಲು ತೆರೆದಿರುವುದು ಬೇರೆ, ಒಳಗೆ ಕರೆಯುವುದು ಬೇರೆ. ಈ ವ್ಯತ್ಯಾಸವನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮಹಾ ಬುದ್ಧಿವಂತರೆನಿಸಿಕೊಂಡ ಕೆಲವರಿಗೆ ಇದು ಹೊಳೆಯಲು ಬಹಳ ವರ್ಷ ಹಿಡಿಯಿತು. ಅವರು ಕಟ್ಟಿದ ಲೋಕದ ಹೆಸರು ಮುಕ್ತ ತಂತ್ರಾಂಶ.

ಕಂಪ್ಯೂಟರು ನಡೆಯುವುದು ಅದರೊಳಗೆ ಬರೆದಿಟ್ಟ ಸೂಚನೆಗಳ ಬಲದಿಂದ. ಆ ಸೂಚನೆಗಳ ಕಟ್ಟೇ ತಂತ್ರಾಂಶ. ತಂತ್ರಾಂಶ ಮಾರುವ ಕಂಪನಿಗಳು ಸಾಮಾನ್ಯವಾಗಿ ಅದನ್ನು ಗುಟ್ಟಾಗಿಡುತ್ತವೆ. ಇದನ್ನು ವಿರೋಧಿಸಿ 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬುದು ಅದರ ತತ್ವ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸೇ. ಈ ಕೆಲಸಕ್ಕೆ ಸಂಬಳ ಪಡೆಯುವವರು ಇಂದು ಅನೇಕರಿದ್ದಾರೆ; ಆದರೂ ಎಷ್ಟೋ ತಂತ್ರಾಂಶಗಳು ಸ್ವಯಂಸೇವಕರ ದುಡಿಮೆಯ ಮೇಲೆಯೇ ನಿಂತಿವೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಉಚಿತ ಬೇರೆ, ಮುಕ್ತ ಬೇರೆ ಎನ್ನುವ ಕನ್ನಡಿಗರಿಗೆ ಆ ಗೊಂದಲವಿಲ್ಲ. ನನ್ನ ಪ್ರಶ್ನೆ ಮಾತ್ರ ಇಷ್ಟು: ಮುಕ್ತ ಎಂದರೆ ಯಾರಿಗೆ ಮುಕ್ತ?

ಈ ಲೋಕಕ್ಕೆ ಕಾಲಿಟ್ಟ ಹೊಸಬರಿಗೆ ಹಳಬರು ‘ಮೊದಲು ಇದನ್ನು ಓದಿ’ ಎಂದು ತೋರಿಸುತ್ತ ಬಂದ ಪ್ರಬಂಧವೊಂದಿದೆ. ಎರಿಕ್ ರೇಮಂಡ್ ಅವರು ರಿಕ್ ಮೋಯೆನ್ ಜೊತೆ ಸೇರಿ 2001ರಲ್ಲಿ ಬರೆದದ್ದು. ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆ ಎಂಬುದೇ ಅದರ ಹೆಸರು, ಅದೇ ಅದರ ವಿಷಯ. ಅದರಲ್ಲಿ ಒಳ್ಳೆಯ ಮಾತುಗಳಿಲ್ಲವೆಂದಲ್ಲ. ಕೇಳುವ ಮೊದಲು ನೀವೇ ಹುಡುಕಿ ನೋಡಿ. ಏನು ಮಾಡಿದಾಗ ಏನಾಯಿತೆಂದು ಬಿಡಿಸಿ ಹೇಳಿ. ಸರಿಹೋದ ಮೇಲೆ ಹೇಗೆ ಸರಿಹೋಯಿತೆಂದು ತಿಳಿಸಿ. ಡಾಕ್ಟರ ಮುಂದೆ ಕೂತು ‘ಮೈ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಅವರು ತಾನೇ ಏನು ಮಾಡಿಯಾರು? ಉತ್ತರಿಸುವವರು ತಮ್ಮ ಬಿಡುವಿನಲ್ಲಿ, ಕಾಸು ಪಡೆಯದೆ ಉತ್ತರಿಸುತ್ತಾರೆ, ಅವರ ಹೊತ್ತನ್ನು ಗೌರವಿಸಿ ಎಂಬ ವಾದವೂ ನ್ಯಾಯವಾದದ್ದೇ.

ಆದರೆ ಓದುತ್ತ ಹೋದಂತೆ ದನಿ ಗಡುಸಾಗುತ್ತದೆ. ಒರಟು ಉತ್ತರ ಬಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇಲ್ಲಿಯ ರೀತಿಯೇ ಹಾಗೆ; ‘ಕೈಪಿಡಿ ಓದು’ ಎಂದು ಯಾರಾದರೂ ಗದರಿದರೆ ಹೆಚ್ಚಾಗಿ ಅವರೇ ಸರಿ, ಎಂಬ ಧಾಟಿ. ಉತ್ತರಿಸುವವರು ಹೇಗೆ ನಡೆದುಕೊಳ್ಳಬೇಕೆಂಬ ಮಾತು ಕೊನೆಯಲ್ಲಿ ಚಿಕ್ಕದಾಗಿ ಬಂದು ಹೋಗುತ್ತದೆ. ಹೊಸ ಸೊಸೆಗೆ ಹೇಳುವ ಬುದ್ಧಿವಾದ ನನಗೆ ನೆನಪಾಯಿತು: ‘ಈ ಮನೆಯವರ ಮಾತು ಸ್ವಲ್ಪ ಒರಟು, ಮನಸ್ಸು ಒಳ್ಳೆಯದು, ನೀನೇ ಹೊಂದಿಕೊಂಡು ಹೋಗು.’ ಹೊಂದಿಕೊಳ್ಳುವ ಭಾರವೆಲ್ಲ ಬಂದವಳ ತಲೆಗೆ. ಒರಟು ಮಾತಿಗೆ ಹೆಸರಾಗಿದ್ದ ಟೋರ್ವಾಲ್ಡ್ಸ್ ಅವರೇ 2018ರಲ್ಲಿ ತಮ್ಮ ವರ್ತನೆಗೆ ಕ್ಷಮೆ ಕೇಳಿ ಕೆಲಕಾಲ ಕೆಲಸದಿಂದ ದೂರ ಉಳಿದರು. ಒರಟುತನವೇ ಇಲ್ಲಿಯ ಗುಣ ಎಂಬ ವಾದಕ್ಕೆ ಇದಕ್ಕಿಂತ ಉತ್ತರ ಬೇಕೆ?

ದನಿಗಿಂತ ದೊಡ್ಡ ಕೊರತೆ ಇನ್ನೊಂದಿದೆ. ಹುಡುಕಬೇಕಾದರೆ ಹುಡುಕುವ ವಸ್ತುವಿನ ಹೆಸರು ಗೊತ್ತಿರಬೇಕು. ಹೊಸಬಳಿಗೆ ಗೊತ್ತಿಲ್ಲದಿರುವುದು ಅದೇ. ಒಂದು ಮುಕ್ತ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರುವುದನ್ನು ಕಂಡು ಅದನ್ನು ನೋಡಿಕೊಳ್ಳುವವರಿಗೆ ನಾನು ಬರೆದಿದ್ದೆ. ಬಂದ ಉತ್ತರ ಎರಡೇ ಮಾತು: ‘ಪ್ಯಾಚ್ ಕಳಿಸಿ.’ ಪ್ಯಾಚ್ ಎಂದರೆ ತೇಪೆ. ತಂತ್ರಾಂಶದ ತಪ್ಪು ತಿದ್ದುವ ತುಣುಕಿಗೆ ಅವರಲ್ಲಿ ಆ ಹೆಸರು. ತೇಪೆ ಹಾಕುವುದು ನನಗೆ ಗೊತ್ತಿಲ್ಲದ ಕೆಲಸವೇನಲ್ಲ. ಸೂಜಿ ಎಲ್ಲಿದೆ, ದಾರ ಯಾವುದು ಎಂದು ಹೇಳುವವರಿರಲಿಲ್ಲ, ಅಷ್ಟೆ. ಆ ತಂತ್ರಾಂಶ ಬರೆದ, ಕನ್ನಡ ಬಾರದ ಮನುಷ್ಯನಿಗೆ ಜಾರಿದ ಒತ್ತಕ್ಷರ ಕಣ್ಣಿಗೇ ಬೀಳುವುದಿಲ್ಲ. ಹಾಗಿರುವಾಗ ನನ್ನ ಪತ್ರ ಭಿಕ್ಷೆಯಲ್ಲ, ಅವರಿಗೆ ಬೇಕಾಗಿದ್ದ ಸುದ್ದಿ. ಒಳ್ಳೆಯ ಪ್ರಶ್ನೆಯಿಂದ ಉತ್ತರಿಸುವವನಿಗೂ ಲಾಭವುಂಟೆಂದು ರೇಮಂಡರೂ ಒಪ್ಪುತ್ತಾರೆ. ಆದರೆ ಯಾವುದು ಒಳ್ಳೆಯ ಪ್ರಶ್ನೆ ಎಂಬ ತೀರ್ಪನ್ನು ಹಳಬರ ಕೈಗೇ ಕೊಟ್ಟುಬಿಡುತ್ತಾರೆ.

ಈ ಪ್ರಬಂಧದ ಪಕ್ಕದಲ್ಲಿಟ್ಟು ಓದಬೇಕಾದ ಬರಹ ಇನ್ನೊಂದಿದೆ. ಸ್ವತಃ ಲಿನಕ್ಸ್ ಕೆಲಸದಲ್ಲಿ ಪಳಗಿದ ವ್ಯಾಲ್ ಹೆನ್ಸನ್ 2002ರಲ್ಲಿ, ಲಿನಕ್ಸ್‌ಗೆ ಬರುವ ಹೆಂಗಸರನ್ನು ಪ್ರೋತ್ಸಾಹಿಸುವುದು ಹೇಗೆ ಎಂದು ಬರೆದರು. ಇಲ್ಲಿ ಬೆರಳು ತಿರುಗುವುದು ಹಳಬರ ಕಡೆಗೆ. ಹೆಂಗಸರನ್ನು ಹಾಸ್ಯ ಮಾಡಬೇಡಿ ಎಂಬಂಥ ಮಾತುಗಳ ನಡುವೆ ಒಂದು ಸಣ್ಣ ಸೂಚನೆ ನನಗೆ ಬಹಳ ಹಿಡಿಸಿತು: ಕಲಿಯುವವಳ ಕೈಯಿಂದ ಕೀಲಿಮಣೆ ಕಿತ್ತುಕೊಳ್ಳಬೇಡಿ. ‘ಕೊಡಮ್ಮಾ ಇಲ್ಲಿ’ ಎಂದು ಫೋನು ಕಸಿದು, ನಾಲ್ಕು ಕಡೆ ಒತ್ತಿ, ‘ತಗೋ, ಆಯಿತು’ ಎಂದು ಮರಳಿಸುವ ಮಕ್ಕಳು ಯಾರ ಮನೆಯಲ್ಲಿಲ್ಲ? ಕೆಲಸವಾಯಿತು ನಿಜ, ಕಲಿಕೆ ಆಗಲಿಲ್ಲ. 1998ರಲ್ಲಿ ಹುಟ್ಟಿದ ಲಿನಕ್ಸ್‌ಚಿಕ್ಸ್ ಎಂಬ ಮಹಿಳಾ ಬಳಗ ಎರಡೇ ನಿಯಮ ಇಟ್ಟುಕೊಂಡಿತ್ತು: ಮರ್ಯಾದೆಯಿಂದಿರಿ, ನೆರವಾಗಿ. ಉದ್ದುದ್ದ ಕೈಪಿಡಿಗಳು ಹೇಳದ್ದನ್ನು ಅದು ಹೇಳಿತ್ತು.

ಆದರೆ ಬರೀ ಮರ್ಯಾದೆ ಸಾಕೇ? 2006ರಲ್ಲಿ ನಡೆದದ್ದನ್ನು ನೋಡಿ. ಲಿನಕ್ಸ್ ಕಂಪ್ಯೂಟರಿನ ತೆರೆಯನ್ನು ಅಚ್ಚುಕಟ್ಟುಗೊಳಿಸುವ ಗ್ನೋಮ್ ಎಂಬ ತಂತ್ರಾಂಶವಿದೆ. ವಿದ್ಯಾರ್ಥಿಗಳಿಗಾಗಿ ಗೂಗಲ್ ಆಗ ಹಣ ಕೊಟ್ಟು ನಡೆಸುತ್ತಿದ್ದ ಬೇಸಿಗೆ ಕಾರ್ಯಕ್ರಮದಲ್ಲಿ ಆ ವರ್ಷ ಗ್ನೋಮ್‌ಗೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಒಂದೂ ಹೆಂಗಸಿನದಲ್ಲ. ‘ಆಸಕ್ತಿ ಇದ್ದವರು ಬರುತ್ತಿದ್ದರು’ ಎಂದು ಸುಮ್ಮನಿರಬಹುದಿತ್ತು. ಗ್ನೋಮ್‌ನವರು ಹಾಗೆ ಮಾಡದೆ ಅದೇ ಬೇಸಿಗೆಯಲ್ಲಿ ಹೆಂಗಸರಿಗೆಂದೇ ಕರೆ ಕೊಟ್ಟರು. ನೂರರಷ್ಟು ಅರ್ಜಿಗಳು ಬಂದವು! ಆಸಕ್ತಿಗೆ ಬರವಿರಲಿಲ್ಲ, ಕರೆಯುವವರಿರಲಿಲ್ಲ. ಈ ಕೆಲಸ 2010ರಲ್ಲಿ ಮತ್ತೆ ಚಿಗುರಿ, 2015ರಲ್ಲಿ ಔಟ್‌ರೀಚಿ ಎಂಬ ಹೆಸರು ಪಡೆದು, ಅವಕಾಶ ಸಿಗದ ಇತರರಿಗೂ ತೆರೆದುಕೊಂಡಿತು. ಆಯ್ಕೆಯಾದವರಿಗೆ ಕಲಿಸಲು ಮಾರ್ಗದರ್ಶಿಯಿರುತ್ತಾರೆ, ಸುಮಾರು ಮೂರು ತಿಂಗಳ ದುಡಿಮೆಗೆ ಗೌರವಧನವೂ ಉಂಟು.

ಗೌರವಧನ ಏಕೆ ಎನ್ನುವಿರಾ? ಸ್ವಯಂಸೇವೆಗೆ ಬೇಕಾದದ್ದು ಬಿಡುವು. ಆ ಬಿಡುವು ಯಾವ ಮನೆಯಲ್ಲೂ ಸಮಪಾಲಾಗಿಲ್ಲ. ರಾತ್ರಿ ಕಂಪ್ಯೂಟರ್ ಮುಂದೆ ಕೂತವನಿಗೆ ಕಾಫಿ ತಾನಾಗಿ ಬರುತ್ತದೆ; ಕಾಫಿ ತರುವವಳಿಗೆ ಬೆಳಗಿನ ಹಿಟ್ಟು ರುಬ್ಬುವುದು ಬಾಕಿ ಇರುತ್ತದೆ. ಬಿಡುವಿದ್ದವರು ಮಾತ್ರ ಕಟ್ಟಿದ್ದನ್ನು ‘ಎಲ್ಲರೂ ಕಟ್ಟಿದ್ದು’ ಎನ್ನಲು ಬರುವುದಿಲ್ಲ. ಹೊಸಬರಿಗೆ ಸಾವಧಾನದಿಂದ ಹೇಳಿಕೊಡುವುದೂ ದುಡಿಮೆಯೇ. ಯಾರು ಎಷ್ಟು ಸಾಲು ಬರೆದರೆಂಬ ಲೆಕ್ಕ ಆ ಲೋಕದಲ್ಲಿ ಪಕ್ಕಾ ಸಿಗುತ್ತದೆ; ಯಾರು ಎಷ್ಟು ಜನಕ್ಕೆ ಹೇಳಿಕೊಟ್ಟರೆಂಬ ಲೆಕ್ಕ ಅಪರೂಪ. ಅಡುಗೆಮನೆಯ ದುಡಿಮೆಗೆ ಲೆಕ್ಕ ಇಡದ ಹಾಗೆಯೇ ಇದೂ.

ಹಾಗೆಂದು ರೇಮಂಡರ ಪ್ರಬಂಧವನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಕೇಳುವವಳು ಅದನ್ನು ಓದಲಿ, ಉತ್ತರಿಸುವವನು ಹೆನ್ಸನ್ ಬರೆದದ್ದನ್ನು ಓದಲಿ. ಈವರೆಗೆ ಓದಿ ಬರುವ ಶಿಕ್ಷೆ ಒಬ್ಬಳಿಗೇ ಇತ್ತು. ನಿಮ್ಮ ಕಂಪ್ಯೂಟರಿನ ಕನ್ನಡದಲ್ಲಿ ಅಕ್ಷರ ಜಾರಿದ್ದರೆ, ಅನುವಾದದ ಮಾತು ಬಾಯಿಗೆ ಕಲ್ಲು ಸಿಕ್ಕಂತಿದ್ದರೆ, ಹೆಸರು ಗೊತ್ತಿಲ್ಲವೆಂದು ಸುಮ್ಮನಾಗಬೇಡಿ. ನಿಮಗೆ ತಿಳಿದ ಮಾತಿನಲ್ಲೇ ಬರೆದು ಕೇಳಿ. ಕನ್ನಡದ ತಪ್ಪು ಕಾಣಲು ಕನ್ನಡ ಓದುವ ಕಣ್ಣೇ ಬೇಕು, ಮತ್ತು ಅದು ನಿಮ್ಮಲ್ಲಿದೆ.