ಕನ್ನಡಕ ತೊಟ್ಟವನ ಒಪ್ಪಿಗೆ, ಎದುರಿಗಿದ್ದವರ ಮುಖ

ಮಿಕ್ಸೆಡ್ ರಿಯಾಲಿಟಿ ಹೆಡ್‌ಸೆಟ್‌ಗಳ ಕುರಿತು ಬರುತ್ತಿರುವ ಬರಹಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿನ ಆತಂಕವೆಲ್ಲ ಅದನ್ನು ತಲೆಗೆ ಕಟ್ಟಿಕೊಂಡವನದ್ದು. ಅವನ ಕಣ್ಣು ಎತ್ತ ಹೊರಳಿತು, ಕೈ ಹೇಗೆ ಆಡಿತು, ಅವನ ಕೋಣೆಯಲ್ಲಿ ಏನೇನಿದೆ ಎಂಬುದೆಲ್ಲ ಕಂಪೆನಿಗೆ ತಿಳಿಯುತ್ತದಲ್ಲಾ ಎಂಬ ಚಿಂತೆ. ಚಿಂತೆ ಸುಳ್ಳೇನಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ 511 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ಒಬ್ಬೊಬ್ಬರ ಐದು ನಿಮಿಷಕ್ಕೂ ಕಡಿಮೆ ಚಲನೆಯ ದಾಖಲೆಯಿಂದ ಶೇ. 95ರಷ್ಟು ಮಂದಿಯನ್ನು ಗುರುತಿಸಲು ಸಾಧ್ಯವಾಯಿತು. 2023ರಲ್ಲಿ ಬರ್ಕ್ಲಿಯ ಸಂಶೋಧಕರು ಐವತ್ತು ಸಾವಿರಕ್ಕೂ ಹೆಚ್ಚು ಆಟಗಾರರ ನಡುವೆ ಒಬ್ಬನನ್ನು ಹುಡುಕಲು ನೂರು ಸೆಕೆಂಡುಗಳ ಚಲನೆ ಸಾಕೆಂದು ತೋರಿಸಿದರು. ಕತ್ತಲಲ್ಲಿ ನಡಿಗೆಯ ಸದ್ದಿನಿಂದಲೇ ಬಂದವರು ಯಾರೆಂದು ಹೇಳುವ ವಿದ್ಯೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಆದರೆ ಅವರು ಅದನ್ನು ಯಾರಿಗೂ ಮಾರುತ್ತಿರಲಿಲ್ಲ.

ನಮ್ಮ ತಕರಾರು ಬೇರೆ. ತೊಟ್ಟವನು ಕನಿಷ್ಠ ದುಡ್ಡು ಕೊಟ್ಟು, 'ಒಪ್ಪಿದ್ದೇನೆ' ಎಂದು ಒತ್ತಿ ತೊಟ್ಟಿರುತ್ತಾನೆ. ಅವನ ಎದುರಿಗೆ ನಿಂತವರು ಏನನ್ನು ಒಪ್ಪಿದ್ದಾರೆ? ಆಪಲ್‌ನ ವಿಷನ್ ಪ್ರೊದಲ್ಲಿ ಹನ್ನೆರಡು ಕ್ಯಾಮರಾಗಳಿವೆ. ಅಮೆರಿಕದಲ್ಲಿ 2024ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ 3,499 ಡಾಲರ್. ಅದನ್ನು ಕಟ್ಟಿಕೊಂಡು ಹಂಪನಕಟ್ಟೆಯಲ್ಲಿ ಯಾರಾದರೂ ನಡೆದರೆ ಜನ ಸೇರಿ ನೋಡಿಯಾರು. ಹಾಗಾಗಿ ಅದರ ಭಯ ಕಡಿಮೆ. ಭಯವಿರುವುದು ಅದರ ತಮ್ಮನ ಬಗ್ಗೆ. ಮೆಟಾ ಕಂಪೆನಿಯ ರೇ-ಬ್ಯಾನ್ ಕನ್ನಡಕ 2025ರ ಮೇ ತಿಂಗಳಲ್ಲಿ 29,900 ರೂಪಾಯಿಯ ಆರಂಭದ ಬೆಲೆಗೆ ಭಾರತಕ್ಕೆ ಬಂತು. ನೋಡಲು ಸಾದಾ ತಂಪು ಕನ್ನಡಕ. ಗಲ್ಫ್‌ನಿಂದ ಬರುವ ಸೂಟ್‌ಕೇಸುಗಳಲ್ಲಿ ಇಂಥ ವಸ್ತುಗಳು ಅಂಗಡಿಗಿಂತ ಮೊದಲೇ ನಮ್ಮ ಊರು ತಲುಪುವುದು ಹೊಸದಲ್ಲ. ಚಿತ್ರೀಕರಣ ನಡೆಯುವಾಗ ಅದರ ಅಂಚಿನಲ್ಲಿ ಸಣ್ಣ ದೀಪ ಉರಿಯುತ್ತದೆ, ಅದೇ ರಕ್ಷಣೆ ಎಂದು ಕಂಪೆನಿ ಹೇಳುತ್ತದೆ. ಹಣ ಪಡೆದು ಆ ದೀಪವನ್ನು ನಿಷ್ಕ್ರಿಯಗೊಳಿಸಿ ಕೊಡುವವರು ಅಮೆರಿಕದಲ್ಲಿ ಇದ್ದಾರೆಂದು 2025ರಲ್ಲೇ ವರದಿಯಾಯಿತು. ಅದಕ್ಕೂ ಒಂದು ವರ್ಷ ಮೊದಲು ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಇದೇ ಕನ್ನಡಕಕ್ಕೆ ಮುಖ ಹುಡುಕುವ ತಂತ್ರಾಂಶವನ್ನು ಜೋಡಿಸಿ, ದಾರಿಯಲ್ಲಿ ಸಿಕ್ಕ ಅಪರಿಚಿತರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಕ್ಷಣಾರ್ಧದಲ್ಲಿ ಹೊರತೆಗೆದು ತೋರಿಸಿದ್ದರು. ಎಚ್ಚರಿಸುವುದಷ್ಟೇ ಉದ್ದೇಶವೆಂದು ಅವರು ಆ ತಂತ್ರಾಂಶವನ್ನು ಯಾರಿಗೂ ಕೊಡಲಿಲ್ಲ. ಎಲ್ಲರೂ ಅಷ್ಟು ಸಜ್ಜನರಾಗಿರುತ್ತಾರೆಯೇ?

ಈ ಪ್ರಶ್ನೆಯನ್ನು ಬೇರೆ ಊರಿನವರು ಸಾವಕಾಶವಾಗಿ ಚರ್ಚಿಸಬಹುದು. ಮಂಗಳೂರಿಗೆ ಆ ಸವಲತ್ತಿಲ್ಲ. ಜನವರಿ 24, 2009ರಂದು ಇಲ್ಲಿನ ಪಬ್ ಒಂದರಲ್ಲಿ ಯುವತಿಯರನ್ನು ಹೊಡೆದು ಓಡಿಸಿದ ದೃಶ್ಯವನ್ನು ದೇಶವೇ ಟಿವಿಯಲ್ಲಿ ಮತ್ತೆ ಮತ್ತೆ ನೋಡಿತು. 2018ರ ಮಾರ್ಚ್‌ನಲ್ಲಿ ಪ್ರಮೋದ್ ಮುತಾಲಿಕ್ ಸಹಿತ ಆರೋಪಿಗಳು ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ಜುಲೈ 28, 2012ರಂದು ಪಡೀಲ್‌ನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ದಾಳಿ ನಡೆಯಿತು. ಆಗಲೂ ಕ್ಯಾಮರಾ ಇತ್ತು. 2024ರ ಆಗಸ್ಟ್‌ನಲ್ಲಿ ಆ ಪ್ರಕರಣದ ಆರೋಪಿಗಳೂ ಖುಲಾಸೆಯಾದರು. ತೀರ್ಪನ್ನು ನಾವಿಲ್ಲಿ ವಿಮರ್ಶಿಸುತ್ತಿಲ್ಲ. ಆದರೆ ಲೆಕ್ಕ ನೋಡಿ: ಹುಡುಗಿಯರ ಮರ್ಯಾದೆಯನ್ನು ಬೀದಿಗೆಳೆಯಲು ಸಾಕಾದ ಚಿತ್ರಗಳು, ಹೊಡೆದವರು ಯಾರೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಸಾಕಾಗಲಿಲ್ಲ.

ಹಾಗೆಂದು ಕ್ಯಾಮರಾವನ್ನೇ ಶತ್ರುವೆಂದು ಬಗೆಯುವುದು ಸರಿಯಲ್ಲ. ಹೋಂಸ್ಟೇ ದಾಳಿಯ ಸತ್ಯ ಹೊರಬಂದದ್ದೇ ಪತ್ರಕರ್ತ ನವೀನ್ ಸೂರಿಂಜೆ ಅವರ ವರದಿಯಿಂದ. ಅದಕ್ಕಾಗಿ ಅವರನ್ನೇ ಆರೋಪಿಯನ್ನಾಗಿಸಿ 2012ರ ನವೆಂಬರ್‌ನಲ್ಲಿ ಬಂಧಿಸಲಾಯಿತು. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಅವರು ಜೈಲಿನಲ್ಲಿದ್ದರು. ಅಂದರೆ ಯಾರು ಹಿಡಿದ ಕ್ಯಾಮರಾ, ಯಾರ ಕಡೆಗೆ ತಿರುಗಿದ ಕ್ಯಾಮರಾ ಎಂಬುದೇ ಇಲ್ಲಿ ಮುಖ್ಯ. ಅನಂತರದ ವರ್ಷಗಳಲ್ಲಿ ನೈತಿಕ ಪೊಲೀಸ್‌ಗಿರಿಯ ಮೊದಲ ಆಯುಧವೇ ಮೊಬೈಲ್ ಆಯಿತು. ಬಸ್ಸಿನಲ್ಲೋ ಬೀಚಿನಲ್ಲೋ ಬೇರೆ ಬೇರೆ ಧರ್ಮದ ಇಬ್ಬರು ಕಂಡರೆ ಮೊದಲು ವೀಡಿಯೊ, ಆಮೇಲೆ ಹೆಸರು ಕೇಳುವುದು, ಕೊನೆಗೆ ವಾಟ್ಸ್‌ಆಪ್. ಈ ಚಾಳಿ ಒಂದೇ ಸಮುದಾಯದ ಸೊತ್ತೆಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಹುಡುಗರಲ್ಲೂ ಅದನ್ನು ಕಂಡಿದ್ದೇವೆ. ಇಷ್ಟು ದಿನ ಹೆಸರು ಕೇಳಬೇಕಿತ್ತು. ಹಾರ್ವರ್ಡ್‌ನವರ ಪ್ರಯೋಗ ನಾಳೆ ಯಾರದೋ ಕೈಗೆ ಸಿಕ್ಕರೆ ಆ ಶ್ರಮವೂ ಇಲ್ಲ.

ಮೊಬೈಲನ್ನು ಎತ್ತಿ ಹಿಡಿಯಲೇಬೇಕು ಎಂಬುದು ಸಣ್ಣ ಸಂಗತಿಯಾಗಿ ಕಾಣಬಹುದು. ನಮ್ಮ ಮದುವೆ ಹಾಲ್‌ಗಳ ಹೆಂಗಸರ ವಿಭಾಗದಲ್ಲಿ ಯಾರಾದರೂ ಹಾಗೆ ಎತ್ತಿದೊಡನೆ "ಫೋಟೋ ತೆಗೀಬೇಡ ಮಗಳೇ" ಎಂದು ಹಿರಿಯರೊಬ್ಬರು ತಡೆಯುತ್ತಾರೆ. ಅಲ್ಲಿಗೆ ಮುಗಿಯಿತು. ಯಾವ ಕಾನೂನೂ ಬೇಡ, ನೋಟ ಸಾಕು. ಎಲ್ಲರ ಮೂಗಿನ ಮೇಲಿನ ಕನ್ನಡಕದಲ್ಲೂ ಕ್ಯಾಮರಾ ಇರಬಹುದೆಂದಾದರೆ ಆ ಹಿರಿಯಾಕೆ ಯಾರನ್ನು ತಡೆಯಬೇಕು?

ಇದಕ್ಕೆ ಅರ್ಥಶಾಸ್ತ್ರದ ಮುಖವೊಂದಿದೆ. ಇಂಥ ಸಾಧನಗಳನ್ನು ತಯಾರಿಸುವ ಮೆಟಾದ ವಿಭಾಗ 2024ರೊಂದರಲ್ಲೇ 17 ಬಿಲಿಯನ್ ಡಾಲರಿಗೂ ಹೆಚ್ಚು ನಷ್ಟ ಮಾಡಿಕೊಂಡಿತು. ಕಂಪೆನಿಯ ಆದಾಯವೋ ಬಹುತೇಕ ಜಾಹೀರಾತಿನದ್ದು. ಇಷ್ಟು ನಷ್ಟವನ್ನು ನುಂಗಿ ನಮ್ಮ ಕಣ್ಣಿನ ಮುಂದೆ ಜಾಗ ಹಿಡಿಯುವ ಜಾಹೀರಾತು ಕಂಪೆನಿ, ಮುಂದೊಂದು ದಿನ ಅದನ್ನು ಯಾವುದರಿಂದ ತುಂಬಿಸಿಕೊಳ್ಳುತ್ತದೆ ಎಂದು ಕೇಳುವುದು ಅಸೂಯೆಯಲ್ಲ. ಇತ್ತ ಕರ್ನಾಟಕ ಸರಕಾರ 2024ರಲ್ಲಿ ಅನಿಮೇಷನ್, ಗೇಮಿಂಗ್‌ಗಳ ಜೊತೆ ಈ ಕ್ಷೇತ್ರಕ್ಕೂ ಪ್ರತ್ಯೇಕ ನೀತಿ ತಂದಿದೆ; 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಮಂಗಳೂರಿನ ಹೆಸರೂ ಇದೆ. ಉದ್ಯೋಗ ಬೇಡವೆನ್ನುವವರು ನಾವಲ್ಲ. ಓದಿದ ಮಕ್ಕಳನ್ನೆಲ್ಲ ದುಬೈಗೋ ಬೆಂಗಳೂರಿಗೋ ಕಳಿಸಿ ಖಾಲಿಯಾದ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ? ಆದರೆ ಉದ್ಯೋಗದ ಮಾತು ಬಂದಾಗ ಖಾಸಗಿತನ ಹೊಟ್ಟೆ ತುಂಬಿದವರ ಚರ್ಚೆಯೆಂದು ತಳ್ಳಿಹಾಕುವ ರೂಢಿಯಿದೆಯಲ್ಲ, ಅದನ್ನು ಒಪ್ಪಲಾಗದು. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗಸ್ಟ್ 24, 2017ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದಾಗ, ಅದು ಉಳ್ಳವರ ಚಿಂತೆ ಎಂಬ ವಾದವನ್ನೂ ತಳ್ಳಿಹಾಕಿತ್ತು. ಕಾರಿನ ಕಪ್ಪು ಗಾಜಿನೊಳಗೆ ಹೋಗುವವರನ್ನು ಯಾವ ಕನ್ನಡಕ ಹಿಡಿದೀತು? ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಕಾಯುವ ಹುಡುಗಿಯೇ ಅದಕ್ಕೆ ಸಿಗುವುದು.

ಕಾನೂನು ಬಂದಿದೆಯಲ್ಲಾ ಎನ್ನಬಹುದು. ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕಂಪೆನಿಗಳಿಗೆ 250 ಕೋಟಿಯವರೆಗೆ ದಂಡ ಹೇಳುತ್ತದೆ. ಆದರೆ ವ್ಯಕ್ತಿಯೊಬ್ಬ ಸ್ವಂತ ಅಥವಾ ಮನೆಬಳಕೆಯ ಉದ್ದೇಶಕ್ಕೆ ಸಂಗ್ರಹಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ. 'ನನ್ನ ನೆನಪಿಗೆ ತೆಗೆದುಕೊಂಡೆ' ಎನ್ನುವವನಿಗೆ ಬೇರೇನು ಬೇಕು? ಐಟಿ ಕಾಯಿದೆಯ 66ಇ ಕಲಮು ಖಾಸಗಿ ಅಂಗಗಳ ಚಿತ್ರಕ್ಕೆ ಸೀಮಿತ. ಮುಖ ಅದರ ಲೆಕ್ಕಕ್ಕಿಲ್ಲ. ಇನ್ನು ಸರಕಾರ, ತಾನು ಸೂಚಿಸಿದ ತನ್ನ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ ಇಡೀ ಕಾಯಿದೆಯಿಂದಲೇ ಹೊರಗಿಡಬಹುದು. ಪೊಲೀಸರ ಕ್ಯಾಮರಾಗಳ ಬಗ್ಗೆ ಪ್ರಶ್ನೆ ಕೇಳಬೇಕಾದ ನಮ್ಮಂಥ ಊರಿನವರು ಇದನ್ನು ಗಮನಿಸಲೇಬೇಕು.

2025ರ ನವೆಂಬರ್‌ನಲ್ಲಿ ಕಾಯಿದೆಯ ನಿಯಮಗಳು ಹೊರಬಿದ್ದವು. ಒಪ್ಪಿಗೆ ಪಡೆಯುವುದು, ದತ್ತಾಂಶ ಅಳಿಸುವುದು ಮುಂತಾದ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಆದರೆ ಅದೇ ಕಾಯಿದೆಯ 44ನೇ ಕಲಮಿನ ಮೂಲಕ ಮಾಹಿತಿ ಹಕ್ಕು ಕಾಯಿದೆಗೆ ತಂದ ತಿದ್ದುಪಡಿ, ಅಂದರೆ 'ವೈಯಕ್ತಿಕ ಮಾಹಿತಿ' ಎಂದು ಹೇಳಿ ಅಧಿಕಾರಿಗಳ ವಿವರವನ್ನು ಜನರಿಗೆ ನಿರಾಕರಿಸಲು ದಾರಿ ಅಗಲ ಮಾಡುವ ತಿದ್ದುಪಡಿ, ಒಂದು ದಿನವೂ ಕಾಯದೆ ಜಾರಿಗೆ ಬಂತು.