ಅಂಕಿತವಿಲ್ಲದ ಓಲೆ: ವಾಟ್ಸ್‌ಆ್ಯಪ್ ಬಳಗಗಳಲ್ಲಿ ಕರ್ತೃತ್ವದ ಪ್ರಶ್ನೆ

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಇಂದು ಕನ್ನಡ ಬರಹವು ಪುಸ್ತಕಕ್ಕಿಂತ ಮೊದಲು ಮೊಬೈಲಿನಲ್ಲಿ, ಅದರಲ್ಲಿಯೂ ವಾಟ್ಸ್‌ಆ್ಯಪ್ ಬಳಗಗಳಲ್ಲಿ, ಎದುರಾಗುತ್ತದೆ. ಬೆಳಗಿನ ವಚನ, ಹಬ್ಬದ ಕೀರ್ತನೆ, ರಾಜ್ಯೋತ್ಸವದ ಕವಿತೆ ಎಲ್ಲವೂ ಅಲ್ಲಿಗೆ ಬರುತ್ತವೆ. ಇದರಿಂದ ಭಾಷೆಗೆ ಲಾಭವೋ ನಷ್ಟವೋ ಎಂಬ ಚರ್ಚೆ ಹಲವೆಡೆ ನಡೆದಿದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದುಂಟು: ಹೀಗೆ ಕೈಯಿಂದ ಕೈಗೆ ಸಾಗುವ ಬರಹದಲ್ಲಿ ಬರೆದವನ ಹೆಸರು ಏನಾಗುತ್ತದೆ?

ಸಂಚಾರಿ ಸಾಹಿತ್ಯ ಕನ್ನಡಕ್ಕೆ ಹೊಸದಲ್ಲ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ದಾಸರ ಪುರಂದರವಿಠಲ ಇವು ಭಕ್ತಿಯ ಸಂಬೋಧನೆಗಳು, ನಿಜ. ಆದರೆ ಅವುಗಳಿಂದ ಇನ್ನೊಂದು ಪ್ರಯೋಜನವೂ ಒದಗಿತು. ಅಂಕಿತವು ರಚನೆಯ ಒಡಲಿನಲ್ಲಿಯೇ ಹೆಣೆದುಕೊಂಡಿರುವುದರಿಂದ, ಅದನ್ನು ಕಳಚಿದರೆ ಲಯವೇ ಮುರಿಯುತ್ತದೆ. ಆಧುನಿಕ ಕವಿಯ ಹೆಸರಾದರೋ ಕವಿತೆಯ ಹೊರಗೆ, ಕೆಳಗಿನ ಒಂದು ಸಾಲಿನಲ್ಲಿ ನಿಲ್ಲುತ್ತದೆ. ಬೆರಳು ಅಲ್ಲಿಗೆ ತಲುಪುವ ಮೊದಲೇ ಪಾಠ ಮುಂದೆ ಸಾಗಿರುತ್ತದೆ. ಬೇಂದ್ರೆ, ಕುವೆಂಪು ಅವರ ಸಾಲುಗಳು ಅನಾಥವಾಗಿ ಅಲೆಯುವುದೂ, ಯಾರೋ ಬರೆದ ನೀತಿವಾಕ್ಯಕ್ಕೆ ಅವರ ಹೆಸರು ಅಂಟಿಕೊಳ್ಳುವುದೂ ಈ ಕಾರಣದಿಂದಲೇ.

ಅಂಕಿತವೊಂದೇ ಸಾಕೆಂದು ಇದರ ಅರ್ಥವಲ್ಲ. ಸರ್ವಜ್ಞನ ಹೆಸರನ್ನು ಹೊತ್ತ ತ್ರಿಪದಿಗಳಲ್ಲಿ ಎಷ್ಟೋ ಪ್ರಕ್ಷಿಪ್ತಗಳೆಂಬುದು ಸರ್ವವಿದಿತ. ಕಾಯುವ ಅಂಕಿತವೇ ಕಳ್ಳಸಾಲಿಗೂ ಬಾಗಿಲು ತೆರೆಯಬಲ್ಲದು. ಆದುದರಿಂದ ಸಂಪಾದಕನು ಬೇಕಾಗುತ್ತಾನೆ. ಫ. ಗು. ಹಳಕಟ್ಟಿಯವರು ಓಲೆಗಟ್ಟುಗಳನ್ನು ಹುಡುಕಿ, ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದುದು ಇಂಥ ಹೊಣೆಯ ನಿರ್ವಹಣೆ.

ಈ ಪಾಠವನ್ನು ಕಲಿಯಲು ಗುಜರಾತಿನ ಕನ್ನಡಿಗನು ದೂರ ಹೋಗಬೇಕಾಗಿಲ್ಲ. ಅಹಮದಾಬಾದಿನಲ್ಲಿ ಬಾಳಿದ 17ನೆಯ ಶತಮಾನದ ಅಖೋ ತನ್ನ ಛಪ್ಪಾಗಳಲ್ಲಿ ತನ್ನ ಹೆಸರನ್ನು ಹೆಣೆದು, ವಚನಕಾರರಂತೆಯೇ ಪದ್ಯದೊಳಗೆ ನಿಂತನು. ವಡೋದರೆಯ ಪ್ರೇಮಾನಂದನ ಕಥೆ ಇದಕ್ಕೆ ಪ್ರತಿಯಾದುದು. ರೋಷದರ್ಶಿಕಾ ಸತ್ಯಭಾಮಾಖ್ಯಾನ, ಪಾಂಚಾಲೀ ಪ್ರಸನ್ನಾಖ್ಯಾನ ಮೊದಲಾದ ನಾಟಕಗಳು 19ನೆಯ ಶತಮಾನದ ಉತ್ತರಾರ್ಧದಲ್ಲಿ ಆತನ ಹೆಸರಿನಲ್ಲಿ ಅಚ್ಚಾದುವು. ಅವು ಆತನವಲ್ಲವೆಂದು ನರಸಿಂಹರಾವ್ ದಿವೇಟಿಯಾ ಮೊದಲಾದ ವಿದ್ವಾಂಸರು ವಾದಿಸಿ ತೋರಿಸಬೇಕಾಯಿತು. ಅಚ್ಚಿನ ಯಂತ್ರವೂ ಸುಳ್ಳನ್ನು ಹೊತ್ತಿತು. ಆದರೆ ಅಲ್ಲಿ ಪ್ರಶ್ನಿಸಲು ಪ್ರಕಾಶಕನಿದ್ದನು, ಪುಟವಿತ್ತು, ವರ್ಷವಿತ್ತು. ವಾಟ್ಸ್‌ಆ್ಯಪ್ ಬಳಗದಲ್ಲಿ ಈ ಮೂರೂ ಇಲ್ಲ.

ಸೂರತ್ ಒಂದು ಕಾಲದಲ್ಲಿ ಹುಂಡಿ ವ್ಯವಹಾರದ ದೊಡ್ಡ ಪೇಟೆ. ಪ್ರೇಮಾನಂದನೇ ನರಸಿಂಹ ಮೆಹತಾ ದ್ವಾರಕೆಯ ಶಾಮಳಶಾ ಸೇಠನ ಮೇಲೆ ಬರೆದ ಹುಂಡಿಯ ಪ್ರಸಂಗವನ್ನು ಆಖ್ಯಾನವಾಗಿಸಿದನು. ಹುಂಡಿಯೂ ಕೈಯಿಂದ ಕೈಗೆ ಹೋಗುವ ಕಾಗದವೇ. ಆದರೆ ಬರೆದವನು ಯಾರು, ಯಾರ ಮೇಲೆ ಬರೆದನು ಎಂಬುದು ಅದರ ಮೇಲೆಯೇ ಇರುತ್ತದೆ. ತಂದುಕೊಟ್ಟವನನ್ನು ಬರೆದವನೆಂದು ಯಾವ ಸರಾಫನೂ ಭ್ರಮಿಸನು. ಸಾಹಿತ್ಯಕ್ಕೆ ಅಷ್ಟು ಎಚ್ಚರವೂ ಬೇಡವೆ?

ಈ ಯಂತ್ರದ ಕಡೆಯಿಂದ ಕೆಲವು ಕ್ರಮಗಳು ಬಂದಿವೆ. 2018ರಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ರವಾನೆಯಾದ ಸಂದೇಶಕ್ಕೆ ಗುರುತುಹಾಕಿ, ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ರವಾನಿಸುವ ಮಿತಿಯನ್ನು ತಂದಿತು. ಬಹಳ ಬಾರಿ ರವಾನೆಯಾದುದನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಬಹುದೆಂದು 2020ರಲ್ಲಿ ನಿಯಮಿಸಿತು. ಇಲ್ಲಿ ಲೆಕ್ಕಕ್ಕೆ ಬರುವುದು ಸಂಚಾರ, ಮೂಲವಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ದೊಡ್ಡ ಸಂದೇಶಸಂಸ್ಥೆಗಳು ಆಜ್ಞೆಯಾದಾಗ ಸಂದೇಶದ ಮೊದಲ ಪ್ರವರ್ತಕನನ್ನು ಗುರುತಿಸಿಕೊಡಬೇಕೆಂದುವು. ಅದನ್ನು ವಾಟ್ಸ್‌ಆ್ಯಪ್ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಖಾಸಗಿತನದ ಆ ವಾದ ಗುರುತರವಾದುದು. ಆದರೆ ಸಾಹಿತ್ಯ ವಿಮರ್ಶೆಗೆ ಅದರ ತೀರ್ಪಿನಿಂದ ಬಿಡುಗಡೆಯಿಲ್ಲ. ಮೊದಲು ಕಳುಹಿಸಿದವನು ಕವಿಯಲ್ಲ. ಕಾನೂನಿನ ಪ್ರವರ್ತಕನೇ ಬೇರೆ, ಕಾವ್ಯದ ಕರ್ತೃವೇ ಬೇರೆ.

ಜನಪದ ಗೀತೆಗೆ ಕರ್ತೃವಿಲ್ಲವಲ್ಲ, ಇದಕ್ಕೇಕೆ ಬೇಕು ಎಂಬ ಆಕ್ಷೇಪ ಬರಬಹುದು. ಬೀಸುವ ಕಲ್ಲಿನ ಪದವನ್ನು ತಲೆಮಾರುಗಳು ಹಾಡಿ ತಿದ್ದಿ ತಮ್ಮದಾಗಿಸಿಕೊಂಡುವು; ಅಲ್ಲಿ ಸಮುದಾಯವೇ ಕರ್ತೃ. ಬಳಗದಲ್ಲಿ ರವಾನಿಸಿದವನು ಹಾಡಿಲ್ಲ, ತಿದ್ದಿಲ್ಲ. ಬಹುಶಃ ಪೂರ್ತಿ ಓದಿಯೂ ಇಲ್ಲ. ಹೆಸರು ಹುಟ್ಟದಿರುವುದಕ್ಕೂ, ಇದ್ದ ಹೆಸರನ್ನು ಅಳಿಸುವುದಕ್ಕೂ ಅಂತರವುಂಟು.

ಈ ಅಂತರದ ಬೆಲೆಯನ್ನು ಹೆಚ್ಚಾಗಿ ತೆರುವವನು ಹೊರನಾಡಿನ ಕನ್ನಡಿಗ. ಬೆಂಗಳೂರು, ಧಾರವಾಡಗಳಲ್ಲಿ ತಪ್ಪು ಪಾಠವನ್ನು ತಿದ್ದಲು ಶಾಲೆಯುಂಟು, ಗ್ರಂಥಭಂಡಾರವುಂಟು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಗುವಿಗೆ ಬಳಗದಲ್ಲಿ ಬಂದುದೇ ಮೊದಲ ಪಾಠ, ಹಲವು ವೇಳೆ ಕೊನೆಯ ಪಾಠವೂ ಆಗುತ್ತದೆ. ಅದಕ್ಕೆ ಬೇಂದ್ರೆಯೆಂದರೆ ಬೇಂದ್ರೆ ಬರೆಯದ ಸಾಲು ಎಂದಾದರೆ, ಮುಂದೆ ಆ ಕವಿಯನ್ನು ಹುಡುಕಿಕೊಂಡು ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ಪರಿಹಾರವೂ ಅದೇ ಕೈಯಂತ್ರದಲ್ಲಿದೆಯೆಂಬುದು ಸಮಾಧಾನದ ವಿಷಯ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳು ಹದಿನೈದು. ವಚನ ಸಂಚಯದಂಥ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟು ವಚನವನ್ನು ಹುಡುಕಬಹುದು. ಬಳಗಕ್ಕೊಬ್ಬರು ಸಂಪಾದಕರ ಹೊಣೆ ಹೊತ್ತು, ಕರ್ತೃ ಯಾರು, ಕೃತಿ ಯಾವುದು, ಪುಟವೆಷ್ಟು ಎಂಬ ಮೂರನ್ನು ಕೇಳುವ ರೂಢಿ ಬಂದರೆ ಸಾಕು. ಉತ್ತರ ದೊರೆಯದಾಗ 'ಕರ್ತೃ ತಿಳಿದಿಲ್ಲ' ಎಂದು ಬರೆಯುವುದು ಅಗೌರವವಲ್ಲ. ಸುಳ್ಳು ಹೆಸರಿಗಿಂತ ಅದು ಕವಿಗೆ ಸಲ್ಲುವ ಹೆಚ್ಚಿನ ಗೌರವ.