1991: ಮೊದಲ ಸ್ಥಾನ ‘ಸ್ಪೈಡರ್‌ಲ್ಯಾಂಡ್’ಗೆ

ರಾಕ್ ಸಂಗೀತದ ಮಟ್ಟಿಗೆ 1991 ಎಂದ ಕೂಡಲೇ ಎಲ್ಲರ ಬಾಯಿಗೆ ಬರುವ ಹೆಸರು ನಿರ್ವಾಣ ತಂಡದ ‘ನೆವರ್‌ಮೈಂಡ್’. ಸೆಪ್ಟೆಂಬರ್‌ನಲ್ಲಿ ಹೊರಬಂದ ಆ ಆಲ್ಬಮ್ 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಕೆಳಗಿಳಿಸಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. 1989ರಲ್ಲಿ ಸಿಯಾಟಲ್‌ನ ಸಣ್ಣ ಕಂಪನಿ ಸಬ್ ಪಾಪ್‌ಗಾಗಿ ಆರುನೂರು ಡಾಲರ್ ಚಿಲ್ಲರೆ ಖರ್ಚಿನಲ್ಲಿ ‘ಬ್ಲೀಚ್’ ಮಾಡಿಕೊಟ್ಟಿದ್ದ ಹುಡುಗರು ಇವರೇ. ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ, ಗೆದ್ದಿತು ಎಂದು ಆಗ ಬರೆದವರು ಬಹಳ ಮಂದಿ. ಗೆಲುವಿನ ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಅದೇ ವರ್ಷ ಬಂದ ಸ್ಲಿಂಟ್ ತಂಡದ ‘ಸ್ಪೈಡರ್‌ಲ್ಯಾಂಡ್’, ಮೈ ಬ್ಲಡಿ ವ್ಯಾಲಂಟೈನ್ ತಂಡದ ‘ಲವ್‌ಲೆಸ್’, ಟಾಕ್ ಟಾಕ್ ತಂಡದ ‘ಲಾಫಿಂಗ್ ಸ್ಟಾಕ್’ ಈ ಮೂರನ್ನು ಪಕ್ಕಕ್ಕಿಟ್ಟು ಇಂಡಿ ಪಂಥವನ್ನು ಅಳೆಯಲು ಬರುವುದಿಲ್ಲ.

ಇಂಡಿ ಎಂಬುದು ಮೊದಲು ವ್ಯಾಪಾರದ ಮಾತಾಗಿತ್ತು. ಪಂಕ್‌ನ ಬಿಸಿ ಆರುವ ಹೊತ್ತಿಗೆ ಲಂಡನ್ನಿನ ರಫ್ ಟ್ರೇಡ್, ಕ್ಯಾಲಿಫೋರ್ನಿಯಾದ ಎಸ್‌ಎಸ್‌ಟಿ, ವಾಷಿಂಗ್ಟನ್ನಿನ ಡಿಸ್ಕಾರ್ಡ್ ಮುಂತಾದ ಕಂಪನಿಗಳು ಹುಟ್ಟಿಕೊಂಡವು. ದೊಡ್ಡವರ ಹಂಗಿಲ್ಲದೆ ರೆಕಾರ್ಡ್ ಮಾಡುವುದು, ವ್ಯಾನಿನಲ್ಲಿ ಊರೂರು ಸುತ್ತಿ ನುಡಿಸುವುದು ಇವರ ದಾರಿ. ಕೈಯಲ್ಲಿ ಕಾಸಿಲ್ಲದ್ದರಿಂದ ಸ್ಟುಡಿಯೋದಲ್ಲಿ ಬೇಗ ಮುಗಿಸಬೇಕಿತ್ತು, ಒರಟುತನವೇ ಶೈಲಿಯಾಯಿತು. ಆದರೆ ಕಂಪನಿಯ ಮಾಲೀಕ ಯಾರು ಎಂಬುದರ ಮೇಲೆ ಪಂಥ ನಿಲ್ಲುವುದಿಲ್ಲ ಎಂಬುದಕ್ಕೆ 1991ಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ‘ಲಾಫಿಂಗ್ ಸ್ಟಾಕ್’ ಹೊರತಂದದ್ದು ದೊಡ್ಡ ಕಂಪನಿಯೊಂದರ ವರ್ವ್ ಲೇಬಲ್. ಆದರೂ ಇಂಡಿಯ ಒಳಗುಣ ಅದರಲ್ಲಿ ‘ನೆವರ್‌ಮೈಂಡ್’ಗಿಂತ ಹೆಚ್ಚಿದೆ. ಕೇಳುಗನ ತಾಳ್ಮೆಯನ್ನು ನಂಬುವುದು, ಆತುರಪಟ್ಟು ಅವನನ್ನು ಒಲಿಸಿಕೊಳ್ಳಲು ಹೋಗದಿರುವುದು, ಇದನ್ನೇ ನಾನು ಒಳಗುಣ ಎನ್ನುತ್ತಿರುವುದು.

‘ಸ್ಪೈಡರ್‌ಲ್ಯಾಂಡ್’ನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಸ್ಲಿಂಟ್ ಎಂದರೆ ಕೆಂಟಕಿಯ ಲೂಯಿವಿಲ್ ಊರಿನ, ಇಪ್ಪತ್ತರ ಆಸುಪಾಸಿನ ನಾಲ್ವರು ಹುಡುಗರು. 1990ರ ಆಗಸ್ಟ್‌ನಲ್ಲಿ ಧ್ವನಿಮುದ್ರಣಕಾರ ಬ್ರಯಾನ್ ಪಾಲ್ಸನ್ ಜೊತೆ ಕೂತು ಕೆಲವೇ ದಿನಗಳಲ್ಲಿ ಧ್ವನಿಮುದ್ರಿಸಿದರು. ಶಿಕಾಗೋದ ಟಚ್ ಅಂಡ್ ಗೋ ಕಂಪನಿ ಮರುವರ್ಷ ಮಾರ್ಚ್‌ನಲ್ಲಿ ಹೊರತಂದಿತು. ಆರೇ ಹಾಡು, ನಲವತ್ತು ನಿಮಿಷವೂ ಇಲ್ಲ. ಕೊನೆಯ ಹಾಡು ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’. ಸೆಟೆದು ನಿಂತ ಡ್ರಮ್ಸ್, ಬಿಡದೆ ಸುತ್ತುವ ಬೇಸ್, ನಡುನಡುವೆ ಚುಚ್ಚುವ ಗಿಟಾರಿನ ಒಂದೆರಡು ಸ್ವರ. ಗಾಯಕ ಬ್ರಯಾನ್ ಮ್ಯಾಕ್‌ಮಹನ್ ಹಾಡುವುದೇ ಇಲ್ಲ. ಹಡಗು ಒಡೆದು ಬದುಕುಳಿದ ಕಪ್ತಾನನೊಬ್ಬನ ಕತೆಯನ್ನು ಗುಟ್ಟು ಹೇಳುವವನಂತೆ ತಗ್ಗಿದ ದನಿಯಲ್ಲಿ ಹೇಳುತ್ತಾ ಹೋಗುತ್ತಾನೆ. ಎಷ್ಟೋ ಮಾತು ವಾದ್ಯಗಳಡಿ ಸಿಕ್ಕಿ ಕೇಳಿಸುವುದೂ ಇಲ್ಲ, ಕಿವಿಯನ್ನು ಮುಂದೆ ಚಾಚಬೇಕು. ಹಾಗೆ ಚಾಚಿಕೊಂಡೇ ಇದ್ದಾಗ, ಏಳನೇ ನಿಮಿಷದ ಹೊತ್ತಿಗೆ, ಗಿಟಾರುಗಳೆಲ್ಲ ಒಟ್ಟಿಗೆ ಬಡಿದು ಅವನು ಕಿರುಚುತ್ತಾನೆ. ಅಷ್ಟು ಹೊತ್ತು ಅದುಮಿಟ್ಟ ದನಿಯಾದ್ದರಿಂದಲೇ ಆ ಕೂಗಿಗೆ ಅಂಥ ಬಲ. ‘ನೆವರ್‌ಮೈಂಡ್’ನಲ್ಲಿಯೂ ಮೆಲುದನಿ ಮತ್ತು ಅಬ್ಬರದ ಆಟವಿದೆ, ಅದು ಪಿಕ್ಸೀಸ್ ತಂಡದಿಂದ ಕಲಿತದ್ದು ಎಂದು ನಿರ್ವಾಣದ ಗಾಯಕ ಕರ್ಟ್ ಕೊಬೇನ್ ತಾನೇ ಒಪ್ಪಿಕೊಂಡಿದ್ದ. ಕೊಬೇನ್‌ನ ಕಂಠ ನಿಜವಾದ ಸಂಕಟದ ಕಂಠ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಅಬ್ಬರ ಪ್ರತಿ ಪಲ್ಲವಿಗೂ ಹೊತ್ತಿಗೆ ಸರಿಯಾಗಿ ಬಂದುಬಿಡುತ್ತದೆ. ನಾಲ್ಕನೇ ಹಾಡಿನ ಹೊತ್ತಿಗೆ ಕಿವಿ ಅದನ್ನು ಕಾದು ಕೂತಿರುತ್ತದೆ.

ಆಲ್ಬಮ್ ಅಂಗಡಿಗೆ ಬರುವ ಮೊದಲೇ ಸ್ಲಿಂಟ್ ಒಡೆದುಹೋಗಿತ್ತು. ಸಂಗೀತಗಾರ ಸ್ಟೀವ್ ಆಲ್ಬಿನಿ ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಹತ್ತು ನಕ್ಷತ್ರ ಕೊಟ್ಟು ಹೊಗಳಿದ, ಆದರೂ ಕೊಂಡವರು ಕಡಿಮೆ.

‘ಲವ್‌ಲೆಸ್’ ‘ಸ್ಪೈಡರ್‌ಲ್ಯಾಂಡ್’ನ ತದ್ವಿರುದ್ಧ ದಾರಿ ಹಿಡಿದ ಕೆಲಸ. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್ ಎರಡು ವರ್ಷಕ್ಕೂ ಮೀರಿ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು ಕ್ರಿಯೇಶನ್ ಕಂಪನಿಯ ಬೊಕ್ಕಸ ಬರಿದಾಗುವಷ್ಟು ಖರ್ಚು ಮಾಡಿಸಿದ. ಗಿಟಾರಿನ ಟ್ರೆಮೊಲೊ ಕಡ್ಡಿಯನ್ನು ಕೈಯಲ್ಲೇ ಹಿಡಿದು ತಂತಿ ಮೀಟುತ್ತಾನೆ. ಇಡೀ ಸ್ವರಮೇಳ ಒಂದಿಷ್ಟು ಜಾರಿ ಮತ್ತೆ ಶ್ರುತಿಗೆ ಬರುತ್ತದೆ. ಜಾರುವಿಕೆಯಲ್ಲೂ ರಸವಿದೆ ಎಂದು ಬಲ್ಲ ನಮ್ಮ ಕಿವಿಗಳಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. ಗಾಯಕಿ ಬಿಲಿಂಡಾ ಬುಚರ್‌ಳ ದನಿ ಆ ಗದ್ದಲದೊಳಗೆ ಇನ್ನೊಂದು ವಾದ್ಯದಂತೆ ಬೆರೆತಿದೆ. ‘ಸಮ್‌ಟೈಮ್ಸ್’ ಕೇಳಿದರೆ ಗದ್ದಲವೂ ಮೃದುವಾಗಬಲ್ಲದು ಎಂಬುದು ತಿಳಿಯುತ್ತದೆ.

ಟಾಕ್ ಟಾಕ್ ಒಂದು ಕಾಲಕ್ಕೆ ಪಾಪ್ ತಂಡ. 1984ರಲ್ಲಿ ‘ಇಟ್ಸ್ ಮೈ ಲೈಫ್’ ಹಾಡಿದವರು. ಆ ಜನಪ್ರಿಯತೆಯನ್ನು ಬಿಟ್ಟುಕೊಟ್ಟ ತಂಡದ ಗಾಯಕ ಮಾರ್ಕ್ ಹಾಲಿಸ್, ಲಂಡನ್ನಿನ ವೆಸೆಕ್ಸ್ ಸ್ಟುಡಿಯೋವನ್ನು ಕತ್ತಲು ಮಾಡಿ, ಹತ್ತಾರು ವಾದಕರನ್ನು ಕರೆದು ಗಂಟೆಗಟ್ಟಲೆ ನುಡಿಸಿ, ಅದರಲ್ಲಿ ಬಹುಪಾಲನ್ನು ಕಿತ್ತೆಸೆದು ಉಳಿದ ಚೂರುಗಳಿಂದ ‘ಲಾಫಿಂಗ್ ಸ್ಟಾಕ್’ ಕಟ್ಟಿದ. ಮೊದಲ ಹಾಡು ಶುರುವಾಗುವ ಮುನ್ನ ಕೆಲವು ಸೆಕೆಂಡು ಆಂಪ್ಲಿಫೈಯರಿನ ಸುಯ್ಯೆಂಬ ಸದ್ದಷ್ಟೇ ಇದೆ. ನಾನು ಅದನ್ನೂ ಸಂಗೀತವೆಂದೇ ಎಣಿಸುತ್ತೇನೆ.

ಪಂಥದ ದೋಷಗಳನ್ನೂ ಹೇಳಬೇಕು. ಇದು ಬಹುಮಟ್ಟಿಗೆ ಬಿಳಿಯ ಗಂಡುಹುಡುಗರ ಲೋಕವಾಗಿತ್ತು. ಮಾತನ್ನು ಮರೆಮಾಡುವ ಚಾಳಿ ಮುಂದೆ ಹೇಳಲು ಏನೂ ಇಲ್ಲದವರಿಗೂ ಆಸರೆಯಾಯಿತು. ಸ್ಲಿಂಟ್‌ನ ಮೆಲುದನಿ ಪೋಸ್ಟ್-ರಾಕ್ ಎಂಬ ಶೈಲಿಯವರ ಕೈಯಲ್ಲಿ, ಶೀಲ್ಡ್ಸ್‌ನ ಗದ್ದಲ ಶೂಗೇಜ್ ಎಂಬ ಶೈಲಿಯವರ ಕೈಯಲ್ಲಿ ಬರಿಯ ಸೂತ್ರವಾಗಿ, ಹತ್ತು ನಿಮಿಷ ಸುಮ್ಮನೆ ಏರುತ್ತಾ ಹೋಗುವ ಎಷ್ಟೋ ಹಾಡುಗಳನ್ನು ನಾವು ಸಹಿಸಬೇಕಾಯಿತು. ದೊಡ್ಡ ಕಂಪನಿಗಳಂತೂ ಇಂಡಿ ಎಂಬ ಹೆಸರನ್ನೇ ಸರಕಿಗೆ ಅಂಟಿಸುವ ಚೀಟಿ ಮಾಡಿಕೊಂಡವು.

ಇಷ್ಟಾದರೂ ಮೂಲದ ಆಲ್ಬಮ್‌ಗಳು ಸವೆದಿಲ್ಲ. 1991ರ ನನ್ನ ಪಟ್ಟಿಯಲ್ಲಿ ‘ಸ್ಪೈಡರ್‌ಲ್ಯಾಂಡ್’ ಮೊದಲು, ‘ಲಾಫಿಂಗ್ ಸ್ಟಾಕ್’ ಎರಡನೆಯದು, ‘ಲವ್‌ಲೆಸ್’ ಮೂರನೆಯದು. ‘ನೆವರ್‌ಮೈಂಡ್’ ನಾಲ್ಕರಲ್ಲಿ ಗೌರವದಿಂದಲೇ ಇದೆ. ಹೊಸದಾಗಿ ಕೇಳುವವರು ಹಾಡು ಹಾರಿಸದೆ, ಮೊದಲಿಂದ ಕೊನೆಯವರೆಗೆ ಒಂದೇ ಬಾರಿಗೆ ಕೂತು ‘ಸ್ಪೈಡರ್‌ಲ್ಯಾಂಡ್’ ಕೇಳಲಿ.